ಅಂಚಿನಲ್ಲಿ ಬರೆದ ಪೆನ್ಸಿಲ್ ಸಾಲುಗಳು

ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿದ್ದು 2008ರಿಂದ 2012ರವರೆಗೆ. ಆಗಿನ್ನೂ ಊರಿನ ಹೆಸರು ಗುಲ್ಬರ್ಗಾ. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ಕೋಟೆ, ಅಪ್ಪನ ಕೆರೆ, ಶರಣಬಸವೇಶ್ವರ ಜಾತ್ರೆ ಎಲ್ಲ ಕಣ್ಣ ಮುಂದೆ ಬಂದವು. ಆದರೆ ಮೊದಲು ನೆನಪಾಗಿದ್ದು ಸ್ಟಾಫ್ ರೂಮಿನ ಮೇಜಿನ ಮೇಲೆ ಹಾಸಿದ್ದ ಒಂದು ಡ್ರಾಯಿಂಗ್ ಶೀಟು.

ಅದು ನಮ್ಮ ವಿಭಾಗದ ಟೈಮ್‌ಟೇಬಲ್. ಪ್ರತಿ ಸೆಮಿಸ್ಟರ್ ನಮ್ಮ ಹಿರಿಯ ಸರ್ ಒಬ್ಬರು ಪೆನ್ಸಿಲ್, ರಬ್ಬರ್ ಹಿಡಿದು ಮೂರು ದಿನ ಕೂತು ಅದನ್ನು ಮಾಡುತ್ತಿದ್ದರು. ಕೊನೆಯ ವರ್ಷ ಪ್ರಾಜೆಕ್ಟ್ ಹುಡುಕುತ್ತಿದ್ದ ನಮಗೆ ನಮ್ಮ ಮೇಡಂ ಒಬ್ಬರು ಅಂದರು, "ಸರ್ ಮಾಡೋ ಕೆಲಸ ಕಂಪ್ಯೂಟರ್ ಮಾಡ್ತದೇನು ನೋಡ್ರಿ."

ಎಲ್ಲವನ್ನೂ ಹೌದು-ಅಲ್ಲ ಎಂಬ ಪ್ರಶ್ನೆಗಳಾಗಿ ಒಡೆಯಲು ಮೇಡಂ ಅವರೇ ಕಲಿಸಿದರು. ಈ ಸೆಕ್ಷನ್‌ಗೆ, ಈ ಪೀರಿಯಡ್‌ನಲ್ಲಿ, ಈ ವಿಷಯ, ಈ ರೂಮಿನಲ್ಲಿ ಇದೆಯೇ? 5 ಸೆಕ್ಷನ್, ವಾರಕ್ಕೆ 36 ಪೀರಿಯಡ್, 7 ವಿಷಯ, 6 ರೂಮು. ಒಟ್ಟು 7560 ಪ್ರಶ್ನೆಗಳು. ಒಂದೊಂದಕ್ಕೂ ಎರಡು ಉತ್ತರ ಎಂದರೆ ಸಾಧ್ಯತೆಗಳ ಸಂಖ್ಯೆ ಬರೆಯಲು 2276 ಅಂಕಿ ಬೇಕು. ಹೀಗೆ, ಒಂದೇ ಹೊತ್ತಿಗೆ ಒಂದು ರೂಮಿನಲ್ಲಿ ಎರಡು ಕ್ಲಾಸ್ ಇರಬಾರದು ಎಂಬಂಥ ಎಲ್ಲ ಷರತ್ತುಗಳೂ ಒಟ್ಟಿಗೆ ಈಡೇರುವ ಉತ್ತರ ಇದೆಯೇ ಎಂದು ಹುಡುಕುವುದಕ್ಕೆ ಸ್ಯಾಟ್ ಎನ್ನುತ್ತಾರೆ. ಇದು ಎನ್‌ಪಿ-ಕಂಪ್ಲೀಟ್, ಅಂದರೆ ಉತ್ತರ ಕೈಗೆ ಸಿಕ್ಕರೆ ಸರಿಯೇ ಎಂದು ಬೇಗ ನೋಡಬಹುದಾದ ಸಮಸ್ಯೆಗಳಲ್ಲೇ ಅತಿ ಕಠಿಣವಾದವುಗಳಲ್ಲಿ ಒಂದು ಎಂದು 1971ರಲ್ಲೇ ಸ್ಟೀಫನ್ ಕುಕ್ ತೋರಿಸಿದ್ದರು. ಎಂಥ ಸಮಸ್ಯೆ ಕೊಟ್ಟರೂ ಬೇಗ ಬಿಡಿಸುವ ವಿಧಾನ ಇವತ್ತಿಗೂ ಯಾರ ಕೈಯಲ್ಲೂ ಇಲ್ಲ. ಹಾಗಾಗಿ ರಾತ್ರಿಯೆಲ್ಲ ಓಡಬಹುದು ಎಂದುಕೊಂಡೇ ನಾವು ಇಂಥ ಉತ್ತರ ಹುಡುಕುವ ಪ್ರೋಗ್ರಾಂಗೆ, ಅಂದರೆ ಮಿನಿಸ್ಯಾಟ್ ಎಂಬ ಸಾಲ್ವರ್‌ಗೆ ಫೈಲ್ ಕೊಟ್ಟೆವು. ಕುರ್ಚಿಯಿಂದ ಏಳುವಷ್ಟರಲ್ಲಿ ಉತ್ತರ ಬಂದಿತ್ತು.

ನಾವು ಕುಣಿದಾಡಿದೆವು. ಮೇಡಂ ಮಾತ್ರ ಶೀಟನ್ನೇ ನೋಡುತ್ತಾ ಕೇಳಿದರು, "ಇಷ್ಟು ಜಲ್ದಿ ಯಾಕ ಬಂತು? ಬರಬಾರದಿತ್ತಲ್ಲ?" ನಮ್ಮ ಬಳಿ ಉತ್ತರವಿರಲಿಲ್ಲ. ಅವರು ನಮ್ಮನ್ನು ಸೀದಾ ಸರ್ ಹತ್ತಿರ ಕಳಿಸಿದರು. "ಅವರು ಹ್ಯಾಂಗ ಮಾಡ್ತಾರ, ಕೂತು ನೋಡ್ರಿ."

ಎರಡು ಮಧ್ಯಾಹ್ನ ಕೂತು ನೋಡಿದೆವು. ಶನಿವಾರದ ಒಂದು ಪೀರಿಯಡ್‌ನಲ್ಲಿ ಸರ್ ಸಿಕ್ಕಿಬಿದ್ದರು. ಯಾವ ವಿಷಯ ಹಾಕಿದರೂ ಹೊಂದುತ್ತಿರಲಿಲ್ಲ. ನಾನಾಗಿದ್ದರೆ ಹಿಂದಿನ ಪೀರಿಯಡ್ ಅಳಿಸಿ ಮತ್ತೆ ನೋಡುತ್ತಿದ್ದೆ, ಅದೂ ಆಗದಿದ್ದರೆ ಅದರ ಹಿಂದಿನದು. ಸ್ಯಾಟ್ ಬಿಡಿಸುವ 1962ರ ಹಳೆಯ ಡಿಪಿಎಲ್‌ಎಲ್ ವಿಧಾನವೂ ಹಾಗೇ ಒಂದೊಂದೇ ಹೆಜ್ಜೆ ಹಿಂದೆ ಬರುತ್ತಿತ್ತು. ಸರ್ ಹಾಗೆ ಮಾಡಲಿಲ್ಲ. ಸುಮ್ನೆ ಹತ್ತು ನಿಮಿಷ ಶೀಟು ನೋಡಿದರು. ಆಮೇಲೆ ಬೆರಳು ಮಂಗಳವಾರಕ್ಕೆ ಹೋಯಿತು. "ತಪ್ಪು ಇಲ್ಲಿ ಅದ ತಮ್ಮಾ. ಈ ಲ್ಯಾಬ್ ಇಲ್ಲಿ, ಆ ಥಿಯರಿ ಅಲ್ಲಿ. ಇವೆರಡೂ ಕೂಡಿದ್ರ ಶನಿವಾರ ಸಾಯ್ತದ." ನಡುವಿನ ಮೂರು ದಿನ ದಾಟಿ ನೇರ ಮಂಗಳವಾರಕ್ಕೆ ಬಂದರು. ಶೀಟಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದರು: ಇವೆರಡೂ ಕೂಡಬಾರದು.

ಮಿನಿಸ್ಯಾಟ್ ಮಾಡುವುದೂ ಇದನ್ನೇ! ತಪ್ಪು ಎದುರಾದಾಗ ಅದರ ಮೂಲ ಹುಡುಕುತ್ತದೆ, ಅದನ್ನು ಹೊಸ ಷರತ್ತಾಗಿ ಬರೆದುಕೊಳ್ಳುತ್ತದೆ, ಸಂಬಂಧವಿಲ್ಲದ ಹೆಜ್ಜೆಗಳನ್ನು ದಾಟಿ ಹಿಂದಕ್ಕೆ ಜಿಗಿಯುತ್ತದೆ. 1996ರಲ್ಲಿ ಮಾರ್ಕೆಸ್-ಸಿಲ್ವಾ ಮತ್ತು ಸಕಲ್ಲಾ ಅವರ ಗ್ರಾಸ್ಪ್ ಎಂಬ ಸಾಲ್ವರ್ ಇದನ್ನು ಮಾಡಿ ತೋರಿಸಿತ್ತು. ಸರ್ ಯಾವತ್ತೂ ಆ ಹೆಸರು ಕೇಳಿದವರಲ್ಲ. ಕೆಲವೊಮ್ಮೆ ಅವರು ಇಡೀ ಶೀಟು ಪಕ್ಕಕ್ಕಿಟ್ಟು ಹೊಸದು ತೆಗೆಯುತ್ತಿದ್ದರು. ಆದರೆ ಅಂಚಿನ ಸಾಲುಗಳನ್ನು ಹೊಸ ಶೀಟಿಗೆ ಇಳಿಸಿಕೊಳ್ಳುತ್ತಿದ್ದರು, ಅದೂ ಎಲ್ಲವನ್ನಲ್ಲ, ಕೆಲಸಕ್ಕೆ ಬರುವವನ್ನು ಮಾತ್ರ. ಹೊಸ ಶೀಟಿನಲ್ಲಿ ಮೊದಲು ಕೂರಿಸುತ್ತಿದ್ದುದು ಈಚೆಗೆ ಜಾಸ್ತಿ ಕಾಟ ಕೊಟ್ಟ ವಿಷಯವನ್ನು. 2001ರಲ್ಲಿ ಪ್ರಿನ್ಸ್‌ಟನ್‌ನವರ ಚಾಫ್ ಸಾಲ್ವರ್‌ಗೆ ವೇಗ ತಂದದ್ದರಲ್ಲಿ ಈ ಕೊನೆಯ ಉಪಾಯದ ಪಾಲು ದೊಡ್ಡದು.

ಚಾಫ್‌ನ ಇನ್ನೊಂದು ಉಪಾಯವನ್ನು ಮೇಡಂ ಹೇಳಿದ ರೀತಿ ನಾನು ಮರೆಯುವುದಿಲ್ಲ. ಹತ್ತು ಮಂದಿ ದುಡಿಯುವ ಮನೆ. ಒಬ್ಬರಾದರೂ ದುಡಿದರೆ ಸಾಕು, ಒಲೆ ಉರಿಯುತ್ತದೆ. ಹಾಗಾದರೆ ದಿನಾ ಹತ್ತೂ ಮಂದಿಯನ್ನು ವಿಚಾರಿಸಬೇಕೇ? ಬೇಡ. ಇಬ್ಬರ ಮೇಲೆ ಕಣ್ಣಿಟ್ಟಿರಿ. ಅವರಲ್ಲೊಬ್ಬ ಬಿದ್ದಾಗ ಇನ್ನೊಬ್ಬನನ್ನು ಹುಡುಕಿದರಾಯಿತು. ಒಂದು ಷರತ್ತಿನಲ್ಲಿ ಎರಡೇ ಪದಗಳನ್ನು, ಅಂದರೆ "ಇದು ಹೌದು", "ಅದು ಅಲ್ಲ" ಎಂಬಂಥ ಎರಡೇ ತುಣುಕುಗಳನ್ನು, ಕಾಯುವುದು ಎಂದರೆ ಇಷ್ಟೇ.

ಈಗ ಉತ್ತರ ಸಿಕ್ಕಿತು ಅಂದುಕೊಂಡೆವು. ಮೇಡಂ ತಲೆ ಅಲ್ಲಾಡಿಸಿ ಇನ್ನೊಂದು ಲೆಕ್ಕ ಕೊಟ್ಟರು. ಹಾಸ್ಟೆಲ್‌ನಲ್ಲಿ 15 ಹುಡುಗರು, 14 ಮಂಚ. ಒಂದು ಮಂಚಕ್ಕೆ ಒಬ್ಬನೇ. ಎಲ್ಲರಿಗೂ ಮಂಚ ಸಿಗುತ್ತದೆಯೇ? ಪ್ರಶ್ನೆಗಳು ಬರೀ 210, ಷರತ್ತುಗಳು 1485. ಸಂಜೆ ಹಚ್ಚಿಟ್ಟು ಹೋದೆವು. ಬೆಳಿಗ್ಗೆ ಬಂದರೂ ಓಡುತ್ತಲೇ ಇತ್ತು. ಮಧ್ಯಾಹ್ನ ಕರೆಂಟ್ ಹೋಗುವವರೆಗೂ ಮುಗಿಯಲಿಲ್ಲ.

ಮೂರನೇ ಕ್ಲಾಸಿನ ಮಗು ಹೇಳುವ ಉತ್ತರ ಅದಕ್ಕೆ ಯಾಕೆ ಸಿಗಲಿಲ್ಲ? ಅದಕ್ಕೆ ಎಣಿಸಲು ಬರುವುದಿಲ್ಲ. ಎರಡು ಷರತ್ತು ಸೇರಿಸಿ ಮೂರನೆಯದು ಹೊರಡಿಸುವುದಷ್ಟೇ ಅದರ ತರ್ಕ. ಆ ದಾರಿಯಲ್ಲಿ ಹೋದರೆ ಈ ಲೆಕ್ಕದ ಪುರಾವೆ ವಿಪರೀತ ಉದ್ದವಾಗಲೇಬೇಕು ಎಂದು ಸಂಶೋಧಕ ಹೇಕನ್ 1985ರಲ್ಲೇ ಸಾಧಿಸಿದ್ದರು. ಎಷ್ಟು ದೊಡ್ಡದು ಎನ್ನುವುದಕ್ಕಿಂತ ಒಳಗೆ ಹೇಗೆ ಹೆಣೆದಿದೆ ಎನ್ನುವುದು ಮುಖ್ಯ ಎಂದು ನನಗೆ ಹೊಳೆದದ್ದು ಆ ದಿನ.

ಈಗ ನಾನು ಬೆಂಗಳೂರಿನಲ್ಲಿ ಚಿಪ್ ಪರೀಕ್ಷಿಸುವ ಕೆಲಸ ಮಾಡುತ್ತೇನೆ. ಲಕ್ಷಗಟ್ಟಲೆ ಹೌದು-ಅಲ್ಲ ಪ್ರಶ್ನೆಗಳ, ಅಂದರೆ ವೇರಿಯಬಲ್‌ಗಳ ಫೈಲುಗಳು ನಿಮಿಷಗಳಲ್ಲಿ ಮುಗಿಯುವುದನ್ನು ದಿನಾ ನೋಡುತ್ತೇನೆ. ಮೇಡಂ ಕೇಳಿದ "ಯಾಕ" ಇನ್ನೂ ನನ್ನ ಜೊತೆಗಿದೆ. ಸಿಕ್ಕಿರುವುದು ತುಂಡು ತುಂಡು ಉತ್ತರಗಳು. ಕೆಲವು ವೇರಿಯಬಲ್‌ಗಳ ಬೆಲೆ ಗೊತ್ತಾದರೆ ಉಳಿದದ್ದೆಲ್ಲ ತಾನೇ ಬಿಚ್ಚಿಕೊಳ್ಳುತ್ತದೆ, ಹಿತ್ತಲ ಬಾಗಿಲು ಸಿಕ್ಕ ಹಾಗೆ. ಇದನ್ನು 2003ರಲ್ಲಿ ವಿಲಿಯಮ್ಸ್, ಗೋಮ್ಸ್, ಸೆಲ್ಮನ್ ತೋರಿಸಿದರು. ಕಾರ್ಖಾನೆ, ಕಚೇರಿಗಳಿಂದ ಬರುವ ಸಮಸ್ಯೆಗಳಲ್ಲಿ ವೇರಿಯಬಲ್‌ಗಳು ಓಣಿಗಳಂತೆ ಗುಂಪಾಗಿರುತ್ತವೆ ಎನ್ನುವುದು ಇನ್ನೊಂದು. ಓಣಿಯೊಳಗೆ ಓಡಾಟ ಜಾಸ್ತಿ, ಓಣಿಯಿಂದ ಓಣಿಗೆ ಕಡಿಮೆ. ಮನುಷ್ಯರು ಕಟ್ಟಿದ್ದಲ್ವಾ, ಹಾಗಿರುವುದು ಸಹಜ. ಚೀಟಿ ಎತ್ತಿದಂತೆ ಷರತ್ತುಗಳನ್ನು ಆರಿಸಿದರೆ ಈ ಓಣಿಗಳು ಇರುವುದಿಲ್ಲ. ಮೂರು ಪದಗಳ ಅಂಥ ಷರತ್ತುಗಳು ವೇರಿಯಬಲ್ ಒಂದಕ್ಕೆ ಸುಮಾರು 4.26ರಂತೆ ಇದ್ದಾಗ ಕೆಲವು ನೂರು ವೇರಿಯಬಲ್‌ಗಳೇ ಸಾಲ್ವರ್‌ಗಳನ್ನು ಸುಸ್ತು ಮಾಡುತ್ತವೆ. ಇವೆಲ್ಲ ಸೇರಿದರೂ, ಯಾವ ಫೈಲ್ ಬೇಗ ಮುಗಿಯುತ್ತದೆ, ಯಾವುದು ಸತಾಯಿಸುತ್ತದೆ ಎಂದು ಮುಂಚೆಯೇ ಖಚಿತವಾಗಿ ಹೇಳುವ ಸಿದ್ಧಾಂತ ಇನ್ನೂ ಬಂದಿಲ್ಲ.

ಹಾಸ್ಟೆಲ್ ಫೈಲ್ ಇವತ್ತಿಗೂ ನನ್ನ ಹತ್ತಿರ ಇದೆ. ಹೊಸ ಸಾಲ್ವರ್ ಕೈಗೆ ಬಂದಾಗಲೆಲ್ಲ ಮೊದಲು ಅದನ್ನೇ ಕೊಡುತ್ತೇನೆ. ಆಮೇಲೆ ಅದರ ಅಂಚಿನ ಸಾಲುಗಳನ್ನು, ಅಂದರೆ ಅದು ಕಲಿತ ಷರತ್ತುಗಳನ್ನು, ತೆರೆದು ಓದುತ್ತೇನೆ.