‘ಹಿಂದಿ ಕಲಿತರೆ ನಿಮ್ಮ ಗಂಟೇನು ಹೋಗುತ್ತೆ?’ ಅಂತ ಕೇಳುವವರಿಗೆ

ಆಫೀಸಿನ ಊಟದ ಹೊತ್ತು, ರೈಲು, ಮದುವೆ ಮನೆ, ಎಲ್ಲಿ ಭಾಷೆಯ ಮಾತು ಎದ್ದರೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಕೇಳುವವರಲ್ಲಿ ಉತ್ತರದ ಕಡೆಯವರೂ ಇದ್ದಾರೆ, ನಮ್ಮವರೂ ಇದ್ದಾರೆ. ನಮ್ಮವರೇ ಸ್ವಲ್ಪ ಜಾಸ್ತಿ ಅನ್ನಬೇಕು.

ಗಂಟೇನೂ ಹೋಗುವುದಿಲ್ಲ. ನಾನೇ ಕಲಿತಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಸಂಜೆ ಮೇಷ್ಟ್ರ ಮನೆ ಜಗಲಿಯಲ್ಲಿ ಕೂತು ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳಿಗೆ ಓದಿದವನು ನಾನು. ಪ್ರಾಥಮಿಕ್, ಮಧ್ಯಮಾ, ಆಮೇಲೆ ರಾಷ್ಟ್ರಭಾಷಾ. ಆ ಮೂರನೇ ಪರೀಕ್ಷೆಯ ಹೆಸರಿನಿಂದಲೋ ಏನೋ, ಹಿಂದಿ ನಮ್ಮ ರಾಷ್ಟ್ರಭಾಷೆ ಅಂತ ಕಾಲೇಜು ಮುಗಿಯುವ ತನಕ ನಂಬಿಕೊಂಡಿದ್ದೆ. ಸಂವಿಧಾನ ಯಾವ ಭಾಷೆಗೂ ಆ ಪಟ್ಟ ಕಟ್ಟಿಲ್ಲ. ಹಿಂದಿಯನ್ನು ರಾಷ್ಟ್ರಭಾಷೆ ಅಂತ ಘೋಷಿಸಿದ ಯಾವ ದಾಖಲೆಯೂ ಇಲ್ಲ ಅಂತ 2010ರಲ್ಲಿ ಗುಜರಾತ್ ಹೈಕೋರ್ಟ್ ಕೂಡ ಹೇಳಿತು. 343ನೇ ವಿಧಿಯಲ್ಲಿ ಇರುವುದು ಕೇಂದ್ರ ಸರ್ಕಾರದ ಆಡಳಿತ ಭಾಷೆಯ ಮಾತು. ಆದರೆ 351ನೇ ವಿಧಿ ಅಂತ ಇನ್ನೊಂದಿದೆ ನೋಡಿ, ಹಿಂದಿಯನ್ನು ಹರಡುವುದು ಕೇಂದ್ರದ ಕರ್ತವ್ಯ ಅಂತ ಅದು ಹೇಳುತ್ತದೆ. ಕನ್ನಡವನ್ನೋ ಒಡಿಯಾವನ್ನೋ ಹರಡಿ ಅಂತ ಕೇಂದ್ರಕ್ಕೆ ಯಾರೂ ಹೇಳಿಲ್ಲ. ನನ್ನ ತಕರಾರು ಇರುವುದು ಇಲ್ಲೇ, ಯಾಕಂದರೆ ತೆರಿಗೆ ಮಾತ್ರ ಎಲ್ಲರೂ ಕಟ್ಟುತ್ತೇವೆ.

ಒಂದು ದಿನ ನಮ್ಮ ಸೋದರತ್ತೆಯ ಜೊತೆ ಬ್ಯಾಂಕಿಗೆ ಹೋಗಿದ್ದೆ. ಪೆನ್ಷನ್ ದುಡ್ಡು ತೆಗೆಯಬೇಕಿತ್ತು. ಅತ್ತೆ ದಿನಾ ಬೆಳಿಗ್ಗೆ ಕನ್ನಡ ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿ ಜಾಹೀರಾತಿನ ತನಕ ಬಿಡದೆ ಓದುವವರು. ಬಾಗಿಲ ಪಕ್ಕ ಒಂದು ಬಿಳಿ ಬೋರ್ಡು, ಅದರ ಮೇಲೆ ‘ಆಜ್ ಕಾ ಶಬ್ದ್’ ಅಂತ ದಿನಕ್ಕೊಂದು ಹಿಂದಿ ಪದ. ಅದನ್ನು ಬರೆಯುವುದಕ್ಕೆ ಆಳಿದೆ, ಮಾರ್ಕರ್ ಇದೆ. ಹಣ ತೆಗೆಯುವ ಫಾರಂ ಮಾತ್ರ ಹಿಂದಿ, ಇಂಗ್ಲಿಷ್‌ನಲ್ಲಿ ಅಷ್ಟೇ. ಬ್ಯಾಂಕಿನ ಕಾಗದಗಳು ಊರಿನ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಕೇಳಿದರೆ ‘ಕನ್ನಡದ್ದು ಖಾಲಿಯಾಗಿದೆ ಸರ್’ ಅಂದರು. ಅತ್ತೆ ಫಾರಂ ಹಿಡಿದು ಹಿಂದೆ ಮುಂದೆ ತಿರುಗಿಸುತ್ತಿದ್ದುದನ್ನು ನೋಡಿ ಕೌಂಟರಿನ ಹುಡುಗ ಇಂಕ್ ಪ್ಯಾಡ್ ಮುಂದೆ ತಳ್ಳಿದ. ಹೆಬ್ಬೆಟ್ಟಿಗೆ! ಪಾಪ, ಅವನಿಗೆ ಅವಮಾನ ಮಾಡುವ ಉದ್ದೇಶ ಇರಲಿಲ್ಲ. ಅತ್ತೆ ಏನೂ ಅನ್ನಲಿಲ್ಲ, ನನ್ನ ಜೇಬಿನ ಪೆನ್ನು ತೆಗೆದುಕೊಂಡು ದುಂಡಗೆ ಕನ್ನಡದಲ್ಲಿ ಸಹಿ ಹಾಕಿ ಪ್ಯಾಡನ್ನು ವಾಪಸ್ ತಳ್ಳಿದರು.

ಅದೇ ಸಾಲಿನಲ್ಲಿ ಬಿಹಾರದ ಗಾರೆ ಕೆಲಸದ ಹುಡುಗನೊಬ್ಬ ನಿಂತಿದ್ದ. ಫಾರಂ ಮೇಲಿದ್ದ ‘ಆಹರಣ್’ ಅಂದರೆ ಏನು ಅಂತ ಅವನು ನನ್ನನ್ನು ಕೇಳಿದ. ಹಣ ತೆಗೆಯುವುದು ಅಂತ ಹೇಳಿದೆ. ಮನೆಯಲ್ಲಿ ಅವನು ಆಡುವುದು ಭೋಜಪುರಿಯಂತೆ. 2011ರ ಜನಗಣತಿಯಲ್ಲಿ ಹಿಂದಿ ಮಾತೃಭಾಷೆಯವರು ಸುಮಾರು 53 ಕೋಟಿ ಅಂತ ಇದೆಯಲ್ಲ, ಅದರೊಳಗೆ 5 ಕೋಟಿಗೂ ಜಾಸ್ತಿ ಭೋಜಪುರಿಯವರು ಇದ್ದಾರೆ. ಅಂದರೆ ಅದೇ ಲೆಕ್ಕದಲ್ಲಿ 4.37 ಕೋಟಿ ಇರುವ ಕನ್ನಡಿಗರಿಗಿಂತ ಜಾಸ್ತಿ. ಆದರೂ ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಹೆಸರಿಸಿರುವ 22 ಭಾಷೆಗಳಲ್ಲಿ ಭೋಜಪುರಿ ಇಲ್ಲ. ‘ಅರ್ಧ ದೇಶ ಹಿಂದಿ ಮಾತಾಡುತ್ತೆ’ ಅನ್ನುವವರು ಜನಗಣತಿಯ ಈ ಲೆಕ್ಕವನ್ನು ಒಂದು ಸಲ ಬಿಡಿಸಿ ನೋಡಬೇಕು.

ಇನ್ನು ಕೆಲಸದ ವಿಷಯ. ಸಿಆರ್‌ಪಿಎಫ್, ಬಿಎಸ್‌ಎಫ್ ತರದ ಕೇಂದ್ರದ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಮೊದಲು ಹಿಂದಿ, ಇಂಗ್ಲಿಷ್‌ನಲ್ಲಿ ಮಾತ್ರ ಇತ್ತು. ಕಾನ್ಪುರದ ಹುಡುಗ ಶಾಲೆಯಲ್ಲಿ ಓದಿದ ಭಾಷೆಯಲ್ಲೇ ಬರೆಯುತ್ತಿದ್ದ. ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿದ ಗದಗದ ಹುಡುಗ ಗಣಿತದ ಲೆಕ್ಕಕ್ಕಿಂತ ಮೊದಲು ಪ್ರಶ್ನೆಯ ಅರ್ಥ ಬಿಡಿಸಬೇಕಿತ್ತು. ತಮಿಳುನಾಡಿನವರು ಗಲಾಟೆ ಮಾಡಿದರು, 2023ರಲ್ಲಿ ಕೇಂದ್ರ ಒಪ್ಪಿತು, 2024ರಿಂದ ಕನ್ನಡವೂ ಸೇರಿ ಇನ್ನೂ 13 ಭಾಷೆಗಳಲ್ಲಿ ಬರೆಯಬಹುದು. ಇದರಿಂದ ದೇಶ ಒಡೆದು ಹೋಗಲಿಲ್ಲ, ಅಲ್ವಾ?

‘ಇಂಗ್ಲಿಷ್ ಆದರೆ ಸುಮ್ನೆ ಇರ್ತೀರಿ, ಹಿಂದಿ ಅಂದ್ರೆ ಉರ್ಕೊಳ್ತೀರಿ’ ಅನ್ನುವ ಮಾತೂ ಬರುತ್ತದೆ. ಇದರಲ್ಲಿ ಸ್ವಲ್ಪ ಸತ್ಯ ಇದೆ, ಒಪ್ಪುತ್ತೇನೆ. ಫಾರಂ ಬರೀ ಇಂಗ್ಲಿಷಿನಲ್ಲಿದ್ದರೂ ಅತ್ತೆಯ ಪಾಡು ಅದೇ ತಾನೇ. ಆದರೆ ಇಂಗ್ಲಿಷ್ ಗದಗದವನಿಗೂ ಕಾನ್ಪುರದವನಿಗೂ ಒಂದೇ ಸಮ ಕಷ್ಟ. ಹಿಂದಿ ಹಾಗಲ್ಲ, ಒಬ್ಬನಿಗೆ ತವರು, ಇನ್ನೊಬ್ಬನಿಗೆ ಪರೀಕ್ಷೆ.

ಹಾಗಂತ ಹಿಂದಿ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಹಳೇ ಹಿಂದಿ ಹಾಡು ಕೇಳದೆ ನನಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಮಗಳಿಗೆ ಶಾಲೆಯಲ್ಲಿ ಹಿಂದಿ ಮೂರನೇ ಭಾಷೆ, ಸಂಜೆ ನಾನೇ ಹೇಳಿಕೊಡುತ್ತೇನೆ. ನಿನ್ನೆ ಅವಳು ಪುಸ್ತಕ ಮುಚ್ಚಿ, ‘ಅಪ್ಪಾ, ಬಸ್ಸು ಬಂದರೆ ಆತೀ ಹೈ, ಟ್ರಕ್ ಬಂದರೆ ಆತಾ ಹೈ, ಯಾಕೆ? ಬಸ್ಸು ಹೆಂಗಸಾ?’ ಅಂದಳು. ರಾಷ್ಟ್ರಭಾಷಾ ಪಾಸಾದವನು ನಾನು, ನನಗೂ ಗೊತ್ತಿಲ್ಲ ಅಂದೆ.