ಪುಸ್ತಕ ತಲುಪ್ತು ಸರಿ, ಮಗು ಓದ್ತಾ?

ಬಡ ದೇಶದ ಶಾಲೆಗಳಿಗೆ ವಿದೇಶಿ ದುಡ್ಡಲ್ಲಿ ಪಠ್ಯಪುಸ್ತಕ ಕೊಟ್ಟಾಗೆಲ್ಲ ಒಂದು ರಿಪೋರ್ಟ್ ಬರುತ್ತೆ, ಇಷ್ಟು ಲಕ್ಷ ಪುಸ್ತಕ ಪ್ರಿಂಟ್ ಆಯ್ತು ಇಷ್ಟು ಶಾಲೆಗೆ ತಲುಪ್ತು ಅಂತ, ಜೊತೆಗೆ ಮಕ್ಕಳು ಪುಸ್ತಕ ಎತ್ತಿ ಹಿಡ್ಕೊಂಡಿರೋ ಫೋಟೋ. ಅಲ್ಲಿಗೆ ಲೆಕ್ಕ ಮುಗಿದೋಯ್ತು ಅಂತಾರೆ. ನನ್ನ ಪ್ರಕಾರ ಅದು ಸಾಗಾಣಿಕೆ ಲೆಕ್ಕ ಅಷ್ಟೇ. ಕಲಿಕೆ ಲೆಕ್ಕ ಶುರುವಾಗೋದೇ ಅದಾದ್ಮೇಲೆ.

ಈ ವಿಷಯದಲ್ಲಿ ಕೀನ್ಯಾದ ಕಥೆ ಎಲ್ರೂ ತಿಳ್ಕೋಬೇಕು. ಆ ದೇಶದ ಪಶ್ಚಿಮಕ್ಕಿರೋ ಬುಸಿಯಾ ಕಡೆ ನೆದರ್ಲೆಂಡ್ಸ್ ಮೂಲದ ಒಂದು ಸಂಸ್ಥೆ ಶಾಲೆಗಳಿಗೆ ಸಹಾಯ ಮಾಡೋಕೆ ಹೋಯ್ತು. 100 ಶಾಲೆ ಆರಿಸ್ಕೊಂಡು, ಒಂದೇ ಸಲ ಎಲ್ಲಾ ಕಡೆ ಕೊಡೋಕಾಗಲ್ಲ ಅಂತ 1996ರಲ್ಲಿ ಮೊದಲು 25 ಶಾಲೆಗೆ ಪುಸ್ತಕ ಕೊಟ್ರು, ಉಳಿದವಕ್ಕೆ ಆಮೇಲೆ. ಹೀಗೆ ಮಾಡಿದ್ರಿಂದ ಪುಸ್ತಕ ಸಿಕ್ಕ ಶಾಲೆ ಸಿಗದಿರೋ ಶಾಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಕಾಯ್ತು. ಅಳೆದವರು ಪಾಲ್ ಗ್ಲೆವ್ವೆ, ಮೈಕಲ್ ಕ್ರೆಮರ್, ಸಿಲ್ವಿ ಮೂಲಾ ಅನ್ನೋ ಸಂಶೋಧಕರು. ಈ ಕ್ರೆಮರೇ 2019ರಲ್ಲಿ ನಮ್ಮ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಜೊತೆ ಅರ್ಥಶಾಸ್ತ್ರದ ನೊಬೆಲ್ ತಗೊಂಡಿದ್ದು.

ಫಲಿತಾಂಶ ಏನು ಅಂದ್ರೆ, ಸರಾಸರಿ ಅಂಕ ಏರಲೇ ಇಲ್ಲ. ಮೊದಲೇ ಚೆನ್ನಾಗಿ ಓದ್ತಿದ್ದ ಮಕ್ಕಳಿಗೆ ಮಾತ್ರ ಅನುಕೂಲ ಆಯ್ತು, ಮಿಕ್ಕವರು ಇದ್ದಲ್ಲೇ ಇದ್ರು. ಕಾರಣ ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಪುಸ್ತಕ ಇದ್ದಿದ್ದು ಇಂಗ್ಲಿಷಲ್ಲಿ, ಆ ಮಕ್ಕಳಲ್ಲಿ ಬಹಳಷ್ಟು ಜನಕ್ಕೆ ಇಂಗ್ಲಿಷ್ ಮೂರನೇ ಭಾಷೆ, ಮನೇಲೊಂದು ಮಾತು, ಆಮೇಲೆ ಸ್ವಾಹಿಲಿ, ಆಮೇಲೆ ಇದು. ಪಠ್ಯಕ್ರಮನೂ ನಗರದ ಅನುಕೂಲಸ್ಥರ ಮಕ್ಕಳ ಅಳತೆಗೆ ಹೊಲಿದಿದ್ದು. ಹಿಂದಿನ ಬೆಂಚಿನ ಮಗೂಗೆ ಪುಸ್ತಕ ಸಿಕ್ತು, ಓದೋಕೆ ಬರ್ಲಿಲ್ಲ.

ಇದನ್ನ ತೋರಿಸಿ ಪುಸ್ತಕ ಕೊಡೋದೇ ದಂಡ ಅನ್ನೋರಿದ್ದಾರೆ, ನಾನು ಖಂಡಿತ ಒಪ್ಪಲ್ಲ. ಆ ಪುಸ್ತಕ ಆ ಮಗೂಗೆ ಬರೆದದ್ದಲ್ಲ ಅನ್ನೋದಷ್ಟೇ ಅಲ್ಲಿ ಸಾಬೀತಾಗಿದ್ದು.

ಅಳತೆ ಮಾಡೋ ರೀತಿ ಬಗ್ಗೆನೂ ಒಂದು ಮಾತು. ಕೀನ್ಯಾದಲ್ಲೇ 178 ಶಾಲೆಗಳಲ್ಲಿ ಗೋಡೆಗೆ ನೇತುಹಾಕೋ ಫ್ಲಿಪ್‌ಚಾರ್ಟ್‌ಗಳ ಬಗ್ಗೆ ಇಂಥದ್ದೇ ಪರೀಕ್ಷೆ ನಡೀತು. ಚಾರ್ಟ್ ಮೊದಲಿಂದ್ಲೇ ಇದ್ದ ಶಾಲೆನ ಇಲ್ಲದ ಶಾಲೆ ಜೊತೆ ಹೋಲಿಸಿದ್ರೆ ಭಾರಿ ಲಾಭ ಕಾಣ್ಸುತ್ತೆ, ಆದ್ರೆ ಲಾಟರಿ ಥರ ಆರಿಸಿ ಅರ್ಧ ಶಾಲೆಗೆ ಕೊಟ್ಟು ನೋಡಿದಾಗ ಏನೂ ಇಲ್ಲ. ಯಾಕಂದ್ರೆ ಚಾರ್ಟ್ ಕೊಂಡ್ಕೊಳೋ ಶಾಲೇಲಿ ಒಳ್ಳೆ ಹೆಡ್ ಮಾಸ್ಟ್ರು, ವಿಚಾರಿಸೋ ಅಪ್ಪ ಅಮ್ಮ ಎಲ್ಲಾ ಮೊದಲೇ ಇರ್ತಾರೆ.

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ್ದು ಇನ್ನೊಂದು ಥರ. ಅಲ್ಲಿ ಕೊಟ್ಟ ಪುಸ್ತಕಗಳಲ್ಲಿ ಬಹಳಷ್ಟು ಮಕ್ಕಳ ಕೈಗೇ ಹೋಗ್ಲಿಲ್ಲ, ಸ್ಕೂಲಲ್ಲೇ ಎತ್ತಿಟ್ರು. ಮುಂದಿನ ವರ್ಷ ಬರುತ್ತೋ ಇಲ್ವೋ ಅನ್ನೋ ಭಯ. ಮಂಡ್ಯದ ನಮ್ಮೂರ ಕಡೆ ಓದಿದವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ, ಹರಿದೋದ್ರೆ ಯಾರು ಕೊಡ್ತಾರೆ ಅಂತ ಲೈಬ್ರರಿ ಬೀರುಗೆ ಬೀಗ ಹಾಕಿರೋ ಶಾಲೆ ನಾವೂ ನೋಡಿದೀವಿ. ಆ ಮೇಷ್ಟ್ರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ, ಒಂದೇ ಸಲ ಕೊಟ್ಟು ಕೈ ತೊಳ್ಕೊಳೋರು ಅವ್ರಿಗೆ ಬೇರೆ ದಾರಿ ಬಿಟ್ಟಿರಲ್ಲ.

ಇಷ್ಟೆಲ್ಲ ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗೋದು ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ. ಚಿಕ್ಕ ಮಕ್ಕಳು ನಲೀತಾ ಕಲಿಯೋ ನಲಿಕಲಿ ಪದ್ಧತಿ ಹುಟ್ಟಿದ್ದೇ ಅಲ್ಲಿ, 1995ರಲ್ಲಿ, ಅದೂ ಹೊರಗಿನ ಸಹಾಯನೇ, ಯುನಿಸೆಫ್‌ದು. ಆದ್ರೆ ರೆಡಿ ಪುಸ್ತಕದ ಲೋಡ್ ತಂದು ಇಳಿಸ್ಲಿಲ್ಲ. ಇಲ್ಲಿನ ಟೀಚರ್‌ಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಪದ್ಧತಿ ನೋಡ್ಕೊಂಡು ಬಂದು, ತಾವೇ ಕೂತು ಕಾರ್ಡ್‌ಗಳನ್ನ ಮಾಡಿದ್ರು, ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತೋ ಹಾಗೆ. ಮನೇಲಿ ಜೇನುಕುರುಬರ ಮಾತು ಆಡೋ ಮಕ್ಕಳಿರೋ ತಾಲ್ಲೂಕು ಅದು, ಇಡೀ ಕ್ಲಾಸಿಗೆ ಒಂದೇ ಪಾಠ ಒಂದೇ ದಿನ ಅಂದ್ರೆ ಎಷ್ಟು ಮಕ್ಕಳು ಹಿಂದೆ ಉಳೀತಿದ್ರೋ. ಆಮೇಲೆ ರಾಜ್ಯಕ್ಕೆಲ್ಲ ಹರಡಿದಾಗ ಅದಕ್ಕೂ ತೊಂದರೆ ಬಂತು, ಕಾರ್ಡ್ ಹರಿದ್ರೆ ಹೊಸದು ಯಾವಾಗ ಅನ್ನೋ ಗೋಳು ಟೀಚರ್‌ಗಳ ಬಾಯಲ್ಲೇ ಕೇಳಿದೀನಿ. ಆದ್ರೂ ಶುರು ಮಾಡಿದ ಜಾಗ ಸರಿಯಾಗಿತ್ತು, ಮಗು ಎಲ್ಲಿದೆಯೋ ಅಲ್ಲಿಂದ.

2019ರಲ್ಲಿ ನಮ್ಮ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ಶುರು ಮಾಡಿದ್ರಲ್ಲ, ಆಗ್ಲೂ ನನಗೆ ಬಂದ ಚಿಂತೆ ಬುಸಿಯಾದ ಹಿಂದಿನ ಬೆಂಚಿಂದೇ. ಕೂಲಿ ಮಾಡೋರೂ ಇಂಗ್ಲಿಷ್ ಕೇಳ್ತಾರೆ, ಅದು ಅವರ ಹಕ್ಕು, ಅದಕ್ಕೆ ನನ್ನ ತಕರಾರಿಲ್ಲ. ಆ ಪುಸ್ತಕನ ಎಷ್ಟು ಮಕ್ಕಳು ತಾವೇ ಓದಿ ಅರ್ಥ ಮಾಡ್ಕೊಳ್ತಿದ್ದಾರೆ ಅಂತ ಯಾರಾದ್ರೂ ಕೂತು ನೋಡ್ಬೇಕಲ್ವಾ?

ಮೈಸೂರಲ್ಲೂ ಶಾಲೆಗಳಿಗೆ ಪುಸ್ತಕ ಕೊಡೋ ಒಳ್ಳೆ ಮನಸ್ಸಿನ ಜನ ತುಂಬಾ ಇದ್ದಾರೆ. ದುಡ್ಡು ಜಿನೀವಾದಿಂದ ಬರ್ಲಿ ಸರಸ್ವತಿಪುರಂನಿಂದ ಬರ್ಲಿ, ನಾನು ಕೇಳ್ಕೊಳೋದು ಒಂದೇ. ಕೊಡೋ ಮುಂಚೆ ಆ ಪುಸ್ತಕದ ಒಂದು ಪ್ಯಾರಾನ ಕ್ಲಾಸಿನ ಕೊನೇ ಸಾಲಿನ ಮಕ್ಕಳ ಹತ್ರ ಓದಿಸಿ, ಆರು ತಿಂಗಳಾದ್ಮೇಲೆ ಅದೇ ಮಕ್ಕಳ ಹತ್ರ ಮತ್ತೆ ಓದಿಸಿ. ಫಸ್ಟ್ ರ‍್ಯಾಂಕ್ ಹುಡುಗನ್ನ ಕರೀಬೇಡಿ. ಮುಂದಿನ ವರ್ಷನೂ ಕೊಡ್ತೀವಿ ಅಂತ ಹೆಡ್ ಮಾಸ್ಟ್ರಿಗೆ ಬರೆದುಕೊಡಿ, ಆಗ ಅವ್ರೂ ಧೈರ್ಯವಾಗಿ ಪುಸ್ತಕನ ಮಕ್ಕಳ ಜೊತೆ ಮನೆಗೆ ಕಳಿಸ್ತಾರೆ.