"ಸ್ಕೂಬಾ ಕವರ್ ಇದೆ" ಅಂದರೆ ಯಾರಿಗೆ ಇದೆ?

ಇನ್ಶೂರೆನ್ಸ್‌ನ ಅಸಿಸ್ಟೆನ್ಸ್ ಲೈನಿನವರು ಮೊದಲು ಕೇಳಿದ್ದು ರೋಗಲಕ್ಷಣವನ್ನಲ್ಲ. "ಇವರು ಡೈವ್ ಮಾಡುತ್ತಿದ್ದದ್ದು ಹವ್ಯಾಸಕ್ಕೋ, ವೃತ್ತಿ ತರಬೇತಿಗೋ?"

ಥಾಯ್ಲೆಂಡಿನ ಕೋ ತಾವೊ ದ್ವೀಪದ ಪಿಯರ್ ಮೇಲೆ ನಿಂತಿದ್ದೆ. ಪಕ್ಕದಲ್ಲಿ ನಮ್ಮ ಡೈವ್ ಸೆಂಟರಿನ ಡಿಎಮ್‌ಟಿ (ಡೈವ್‌ಮಾಸ್ಟರ್, ಅಂದರೆ ಡೈವ್ ಗೈಡ್ ಆಗಲು ತರಬೇತಿ ಪಡೆಯುತ್ತಿದ್ದವಳು) ಆಕ್ಸಿಜನ್ ಮಾಸ್ಕ್ ಹಿಡಿದು ಕೂತು, ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡುತ್ತಿದ್ದಳು. ಬೆಳಿಗ್ಗೆ ಚುಂಫೊನ್ ಪಿನಕಲ್ ಅನ್ನುವ ಡೈವ್ ತಾಣದಲ್ಲಿ 29 ಮೀಟರ್, ಆಮೇಲೆ 18 ಮೀಟರಿನ ಎರಡನೇ ಡೈವ್. ಎರಡೂ ನೋ-ಡೆಕೊ ಮಿತಿಯೊಳಗೇ, ಅಂದರೆ ಡಿಕಂಪ್ರೆಶನ್‌ಗಾಗಿ ನಡುವೆ ನಿಲ್ಲದೆ ಮೇಲೆ ಬರಬಹುದಾದ ಅವಧಿಯೊಳಗೇ. ಬೋಟ್ ಹತ್ತಿದ ಇಪ್ಪತ್ತು ನಿಮಿಷಕ್ಕೆ ಭುಜ ನೋವು, ನಂತರ ಮುಂಗೈ ಜೋಮು. ಬೆಂಡ್ಸ್ ಲಕ್ಷಣ, ಅಂದರೆ ಒತ್ತಡ ಇಳಿದಾಗ ದೇಹದಲ್ಲಿ ಅನಿಲದ ಗುಳ್ಳೆ ಏಳುವ ಡಿಕಂಪ್ರೆಶನ್ ಸಿಕ್‌ನೆಸ್. ನಿಮಿಷಕ್ಕೆ 15 ಲೀಟರ್ ಹರಿವಿನಲ್ಲಿ 600 ಲೀಟರಿನ ಸಿಲಿಂಡರ್ 40 ನಿಮಿಷ ಬರುತ್ತದೆ. ಪಿಯರ್ ಮುಟ್ಟುವಾಗ ಗೇಜ್ ಮುಳ್ಳು ಕೆಂಪಿನ ಅಂಚಿಗೆ ಬಂದಿತ್ತು.

ನಿಜವನ್ನೇ ಹೇಳಿದೆ: ಡೈವ್‌ಮಾಸ್ಟರ್ ಕೋರ್ಸ್, ಐದನೇ ವಾರ. ಆ ಕಡೆ ಕೀಬೋರ್ಡ್ ಸದ್ದು, ಆಮೇಲೆ ಹೋಲ್ಡ್. ಹನ್ನೊಂದು ನಿಮಿಷ. ಬೆಂಡ್ಸ್‌ಗೆ ಒತ್ತಡದ ಚಿಕಿತ್ಸೆ ಕೊಡುವ ಚೇಂಬರಿನವರು ಜಿಒಪಿ (ಖರ್ಚು ನಾವು ಕೊಡುತ್ತೇವೆ ಅನ್ನುವ ವಿಮಾ ಕಂಪನಿಯ ಖಾತರಿ ಪತ್ರ) ಕೇಳುತ್ತಿದ್ದರು, ಇಲ್ಲವೇ ಕ್ರೆಡಿಟ್ ಕಾರ್ಡ್. ಕೊನೆಗೆ ಹೋದದ್ದು ಅವಳ ಅಪ್ಪನ ಕಾರ್ಡ್.

ತಪ್ಪು ನನ್ನದು. ಅವಳು ಸೇರಿದ ದಿನ ಪಾಲಿಸಿ ನೋಡಿ ಟಿಕ್ ಹಾಕಿದವಳು ನಾನೇ. ಮೊದಲ ಪುಟದಲ್ಲಿ "ಸ್ಕೂಬಾ ಡೈವಿಂಗ್: ಕವರ್ಡ್" ಅಂತಿತ್ತು, ಅಷ್ಟಕ್ಕೇ ನಿಂತೆ. ವ್ಯಾಖ್ಯೆ ಇದ್ದದ್ದು 23ನೇ ಪುಟದಲ್ಲಿ: ಹವ್ಯಾಸಿ ಡೈವಿಂಗ್ ಮಾತ್ರ, 30 ಮೀಟರ್ ಒಳಗೆ, ಸಂಭಾವನೆಗಾಗಿ ಅಥವಾ ವೃತ್ತಿಪರ ಅರ್ಹತೆಗಾಗಿ ಮಾಡುವ ಡೈವಿಂಗ್ ಸೇರುವುದಿಲ್ಲ. ಅದಲ್ಲದೆ ಅದು ವಾರ್ಷಿಕ ಮಲ್ಟಿ-ಟ್ರಿಪ್ ಪಾಲಿಸಿ, ಒಂದು ಪ್ರಯಾಣಕ್ಕೆ 30 ದಿನದ ಮಿತಿ. ಐದನೇ ವಾರದಲ್ಲಿ ಅವಳು ಕಾಲು ಜಾರಿ ಬಿದ್ದಿದ್ದರೂ ಹಣ ಬರುತ್ತಿರಲಿಲ್ಲ.

ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಮೊದಲ ಡೈವ್ ಮಾಡಿ, ಆ ಗುಂಗು ಇಳಿಯದೆ ಥಾಯ್ಲೆಂಡಿಗೋ ಮಾಲ್ಡೀವ್ಸಿಗೋ ಪ್ರೊ ಕೋರ್ಸಿಗೆ ಬರುವ ನಮ್ಮ ಹುಡುಗ ಹುಡುಗಿಯರು ಈಗ ಹೆಚ್ಚಿದ್ದಾರೆ. ಅವರಿಗಾಗಿ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಪಾಲಿಸಿಯ ಕಣ್ಣಿಗೆ ನೀವು ಯಾರು ಅನ್ನುವುದು ಮೊದಲು ಇತ್ಯರ್ಥವಾಗಬೇಕು. ಓಪನ್ ವಾಟರ್, ಅಡ್ವಾನ್ಸ್ಡ್, ರೆಸ್ಕ್ಯೂವರೆಗೆ ನೀವು ಹವ್ಯಾಸಿ. ಡಿಎಮ್ ಕೋರ್ಸ್ ಶುರುವಾದ ದಿನದಿಂದ ಎಷ್ಟೋ ಕಂಪನಿಗಳ ಲೆಕ್ಕದಲ್ಲಿ ನೀವು ವೃತ್ತಿಯ ಹೊಸ್ತಿಲಲ್ಲಿದ್ದೀರಿ, ಒಂದು ಪೈಸೆ ಸಂಬಳ ಬರದಿದ್ದರೂ. ಹಾಗಾಗಿ ಖರೀದಿಗೆ ಮುಂಚೆಯೇ ಇಮೇಲ್ ಹಾಕಿ: "ನಾನು ಇಂಥ ದೇಶದಲ್ಲಿ ಇಷ್ಟು ವಾರ ಡೈವ್‌ಮಾಸ್ಟರ್ ತರಬೇತಿ ಪಡೆಯುತ್ತೇನೆ, ವಿದ್ಯಾರ್ಥಿಗಳಿರುವ ಡೈವ್‌ಗಳಲ್ಲಿ ಸಹಾಯಕಿಯಾಗಿ ಇರುತ್ತೇನೆ, ಗರಿಷ್ಠ ಆಳ ಇಷ್ಟು. ಕವರ್ ಆಗುತ್ತದೆಯೇ?" ಉತ್ತರ ಬರವಣಿಗೆಯಲ್ಲೇ ಬೇಕು. ಫೋನಿನಲ್ಲಿ ಏಜೆಂಟ್ ಹೇಳಿದ "ಆಗುತ್ತೆ ಮೇಡಂ" ಕ್ಲೇಮಿನ ದಿನ ನೆರವಿಗೆ ಬರುವುದಿಲ್ಲ.

ಡೈವರ್‌ಗಳಿಗೇ ಅಂತ ಇರುವ ಪಾಲಿಸಿಗಳು ಬೇರೆ. 1980ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಡ್ಯಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ಡೈವರ್‌ಗಳೆಲ್ಲರಿಗೂ ಗೊತ್ತು. ಆದರೆ ಅಮೆರಿಕದ ಡ್ಯಾನ್‌ನಲ್ಲಿ ಸದಸ್ಯತ್ವವೇ ಬೇರೆ, ಡೈವ್ ಅಪಘಾತ ವಿಮೆಯೇ ಬೇರೆ. ಸದಸ್ಯತ್ವದ ಕಾರ್ಡ್ ತೋರಿಸಿ "ಇನ್ಶೂರೆನ್ಸ್ ಇದೆ" ಅನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಡ್ಯಾನ್ ಯೂರೋಪ್‌ನಲ್ಲಿ ಸ್ಪೋರ್ಟ್ ಮತ್ತು ಪ್ರೊ ಅಂತ ಪ್ಲಾನ್‌ಗಳೇ ಬೇರೆಬೇರೆ. ಭಾರತದ ವಿಳಾಸಕ್ಕೆ ಯಾವ ಪ್ಲಾನ್ ಕೊಡುತ್ತಾರೆ ಅಂತ ಹಣ ಕಟ್ಟುವ ಮೊದಲು ಕೇಳಿ. ಊರಿನ ಟ್ರಾವೆಲ್ ಪಾಲಿಸಿಯನ್ನು ಸಾಮಾನ್ಯವಾಗಿ ಭಾರತ ಬಿಡುವ ಮುಂಚೆಯೇ ತೆಗೆದುಕೊಳ್ಳಬೇಕು. ಇಲ್ಲಿ ಬಂದಿಳಿದ ಮೇಲೆ ನೆನಪಾದರೆ ದಾರಿ ಕಮ್ಮಿ. ಎರಡನ್ನೂ ಇಟ್ಟುಕೊಳ್ಳುವುದೇ ಸರಿ ಅಂತ ನನ್ನ ಅಭಿಪ್ರಾಯ. ಡೈವ್ ಪಾಲಿಸಿ ಚೇಂಬರ್‌ಗೆ, ಟ್ರಾವೆಲ್ ಪಾಲಿಸಿ ಡೆಂಗಿ, ಕಳೆದ ಬ್ಯಾಗು, ಸ್ಕೂಟರ್ ಬಿದ್ದದ್ದಕ್ಕೆ. ಸ್ಕೂಟರ್ ವಿಷಯಕ್ಕೂ ಷರತ್ತುಗಳಿರುತ್ತವೆ: ದ್ವಿಚಕ್ರದ ಲೈಸೆನ್ಸ್, ಐಡಿಪಿ (ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್), ತಲೆ ಮೇಲೆ ಹೆಲ್ಮೆಟ್.

ಇನ್ನೊಂದು ಗೊಂದಲ ಐಡಿಸಿಗೆ, ಅಂದರೆ ಇನ್‌ಸ್ಟ್ರಕ್ಟರ್ ಕೋರ್ಸಿಗೆ ಬರುವವರದು. ಪ್ರೊಫೆಶನಲ್ ಲಯಬಿಲಿಟಿ ತೆಗೆದುಕೊಂಡು ನೆಮ್ಮದಿಯಾಗಿರುತ್ತಾರೆ. ಅದು ವಿದ್ಯಾರ್ಥಿ ನಿಮ್ಮ ಮೇಲೆ ಕೇಸ್ ಹಾಕಿದರೆ ಉಪಯೋಗಕ್ಕೆ ಬರುವ ವಿಮೆ. ನಿಮಗೇ ಬೆಂಡ್ಸ್ ಆದರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಪಾಲಿಸಿ ಓದುವಾಗ ಆಳದ ಮಿತಿಯ ಜೊತೆ ಕಾನೂನಿನ ಸಾಲನ್ನೂ ಹುಡುಕಿ. ಮಾಲ್ಡೀವ್ಸ್‌ನಲ್ಲಿ ಹವ್ಯಾಸಿ ಡೈವಿಂಗ್‌ಗೆ 30 ಮೀಟರ್ ಕಾನೂನಿನ ಮಿತಿ. ನಿಮ್ಮ ಡೈವಿಂಗ್ ಸರ್ಟಿಫಿಕೇಟ್ ಕಾರ್ಡ್ ಮತ್ತು ಪಾಲಿಸಿ ಎರಡೂ 40 ಮೀಟರ್ ಅಂದರೂ, ಅಲ್ಲಿ 34ಕ್ಕೆ ಇಳಿದರೆ "ಸ್ಥಳೀಯ ಕಾನೂನು ಉಲ್ಲಂಘನೆ" ಅಂತ ಕ್ಲೇಮ್ ತಳ್ಳಿಹಾಕಬಹುದು. ಆಳ ದಾಖಲಿಸುವ ಡೈವ್ ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ. ಥಾಯ್ಲೆಂಡ್‌ನಲ್ಲಿ ವರ್ಕ್ ಪರ್ಮಿಟ್ ಇಲ್ಲದೆ ಗೈಡ್ ಕೆಲಸ ಮಾಡುವವರಿಗೂ ಇದೇ ಗಂಡಾಂತರ.

ಚೇಂಬರ್ ಖರ್ಚನ್ನು ಒಂದು ಟ್ರೀಟ್‌ಮೆಂಟಿನ ಲೆಕ್ಕ ಹಾಕಬೇಡಿ. ಟೇಬಲ್ 6 ಅನ್ನುವ ಚೇಂಬರ್ ಚಿಕಿತ್ಸಾಕ್ರಮ ಅಂದರೆ 18 ಮೀಟರ್ ಆಳದ ಒತ್ತಡದಿಂದ ಶುರುವಾಗಿ 4 ಗಂಟೆ 45 ನಿಮಿಷ; ಲಕ್ಷಣ ಉಳಿದರೆ ಅದನ್ನೇ ಉದ್ದ ಮಾಡುತ್ತಾರೆ, ಮರುದಿನ ಮತ್ತೆ ಹಾಕುತ್ತಾರೆ. ಅದರ ಮೇಲೆ ಸ್ಪೀಡ್‌ಬೋಟ್ ಸಾಗಣೆ. ವಿಮಾನವೇ ಬೇಕಾದರೆ ಕ್ಯಾಬಿನ್ ಒತ್ತಡ ಸಮುದ್ರಮಟ್ಟಕ್ಕೆ ಹತ್ತಿರ ಇರಬೇಕು, ಅಂದರೆ ಏರ್ ಆಂಬುಲೆನ್ಸ್. ಮುಗಿದ ಮೇಲೂ ಡಾಕ್ಟರ್ ಹಲವು ದಿನ ವಿಮಾನ ಹತ್ತಲು ಬಿಡುವುದಿಲ್ಲ. ಆ ಹೋಟೆಲ್ ಬಾಡಿಗೆ, ತಪ್ಪಿದ ಟಿಕೆಟ್ ಯಾರ ತಲೆಗೆ ಅಂತಲೂ ನೋಡಿ. ಹೆಚ್ಚಿನ ಪಾಲಿಸಿಗಳು ಸಾಗಣೆಗೆ ಮುಂಚೆ ಅಸಿಸ್ಟೆನ್ಸ್ ಲೈನಿಗೆ ಕರೆ ಮಾಡಲೇಬೇಕು ಅನ್ನುತ್ತವೆ. ಅದಕ್ಕಾಗಿ ಆಕ್ಸಿಜನ್ ತಡ ಮಾಡಬೇಡಿ. ಒಬ್ಬರು ಮಾಸ್ಕ್ ಹಾಕುವಾಗ ಇನ್ನೊಬ್ಬರು ಫೋನ್ ಹಿಡಿಯಲಿ.

ಬೆಂಡ್ಸ್‌ಗಿಂತ ಡಿಎಮ್‌ಟಿಗಳನ್ನು ದಿನವೂ ಕಾಡುವುದು ಕಿವಿ. ದಿನಕ್ಕೆ ಮೂರು ಡೈವ್, ಅದರಲ್ಲಿ ವಿದ್ಯಾರ್ಥಿಯ ಹಿಂದೆ ಹತ್ತು ಸಲ ಏರಿಳಿತ. "ಡಿಕಂಪ್ರೆಶನ್ ಸಿಕ್‌ನೆಸ್" ಅಂತ ಮಾತ್ರ ಬರೆದ ಪಾಲಿಸಿಯಲ್ಲಿ ಕಿವಿಯ ಬ್ಯಾರೋಟ್ರಾಮಾ (ಒತ್ತಡದ ಏರುಪೇರಿನಿಂದ ಆಗುವ ಗಾಯ) ಸೇರುವುದಿಲ್ಲ. "ಡೈವಿಂಗ್ ಅಪಘಾತದ ಚಿಕಿತ್ಸೆ" ಅಂತಿದ್ದರೆ ಒಳ್ಳೆಯದು. ಮೆಡಿಕಲ್ ಫಾರಂನಲ್ಲಿ ಚಿಕ್ಕಂದಿನ ಆಸ್ತಮಾ ಮುಚ್ಚಿಟ್ಟು "ಇಲ್ಲ" ಬರೆಯಬೇಡಿ. ಕ್ಲೇಮ್ ಬಂದಾಗ ಆ ಹಾಳೆಯನ್ನು ತರಿಸಿಕೊಳ್ಳುತ್ತಾರೆ.

ನಮ್ಮ ಸೆಂಟರಿನ ಫಾರಂನಲ್ಲಿ "ಇನ್ಶೂರೆನ್ಸ್: ಹೌದು/ಇಲ್ಲ" ಅನ್ನುವ ಒಂದೇ ಚೌಕ ಇತ್ತು. ಬದಲಾಯಿಸಿ ಅಂತ ಮ್ಯಾನೇಜ್‌ಮೆಂಟ್‌ಗೆ ಮೂರು ಸಲ ಹೇಳಬೇಕಾಯಿತು; ಪ್ರಿಂಟ್ ಖರ್ಚಿನ ಮಾತು ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಈಗ ಐದು ಚೌಕಗಳಿವೆ: ಪಾಲಿಸಿ ಮುಗಿಯುವ ದಿನ, ಒಂದು ಪ್ರಯಾಣದ ದಿನಮಿತಿ, ಆಳ, ವೃತ್ತಿ ತರಬೇತಿಯ ಬಗ್ಗೆ ಕಂಪನಿಯ ಇಮೇಲ್, 24 ಗಂಟೆಯ ನಂಬರ್. ಇಮೇಲ್ ಪ್ರತಿ ಇಲ್ಲದವರನ್ನು ಪೂಲ್‌ಗೂ ಇಳಿಸುವುದಿಲ್ಲ. ಪ್ರತಿಗಳು ಲ್ಯಾಮಿನೇಟ್ ಆಗಿ ಬೋಟಿನ ಆಕ್ಸಿಜನ್ ಕಿಟ್ಟಿನೊಳಗೇ ಇರುತ್ತವೆ, ಆಫೀಸಿನ ಕಪಾಟಿನಲ್ಲಲ್ಲ.

ಅವಳ ಕೈ ಜೋಮು ಎರಡನೇ ಟ್ರೀಟ್‌ಮೆಂಟಿಗೆ ಹೋಯಿತು. ಅವಳ ಅಪ್ಪ ಆ ಕಾರ್ಡಿನ ಕಂತು ಇನ್ನೂ ಕಟ್ಟುತ್ತಿದ್ದಾರೆ.